ಸಿಡ್ನಿ ಒಪೆರಾ ಹೌಸ್: ಚಾವಣಿ ಗೆದ್ದಿತು, ಒಪೆರಾ ಸೋತಿತು

ಸಿಡ್ನಿ ಒಪೆರಾ ಹೌಸ್‌ನಲ್ಲಿ ಎರಡು ದೊಡ್ಡ ಸಭಾಂಗಣಗಳಿವೆ. ಒಂದರಲ್ಲಿ ಸುಮಾರು 2,700 ಜನ ಕೂರಬಹುದು. ಇನ್ನೊಂದರಲ್ಲಿ ಸುಮಾರು 1,500. ಹೆಸರಿನಲ್ಲೇ ಒಪೆರಾ ಇಟ್ಟುಕೊಂಡಿರುವ ಈ ಕಟ್ಟಡದಲ್ಲಿ ಒಪೆರಾಕ್ಕೆ ಸಿಕ್ಕಿರುವುದು ಚಿಕ್ಕದು. ದೊಡ್ಡದು ವಾದ್ಯಗೋಷ್ಠಿಗೆ ಹೋಯಿತು. ಮೊದಲ ನಕ್ಷೆಯಲ್ಲಿ ಹೀಗಿರಲಿಲ್ಲ. ಕಟ್ಟಡ ಮೇಲೆದ್ದ ಮೇಲೆ ಅದಲುಬದಲಾಯಿತು. ಆಗಲೇ ಕೂರಿಸಿದ್ದ ಯಂತ್ರಗಳನ್ನು ಕಿತ್ತು ಗುಜರಿಗೆ ಹಾಕಿದರು.

ಫೋಟೋಗಳಲ್ಲಿ ಕಾಣುವ ಆ ಬಿಳಿ ಚಾವಣಿ ಎಲ್ಲರಿಗೂ ಗೊತ್ತು. ಅದು ಹೇಗೆ ನಿಂತಿದೆ, ಅದರ ಕೆಳಗೆ ಒಪೆರಾ ಯಾಕೆ ಇಕ್ಕಟ್ಟಿಗೆ ಸಿಕ್ಕಿಕೊಂಡಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ಎರಡಕ್ಕೂ ಮೂಲ ಒಂದೇ: ಲೆಕ್ಕಕ್ಕಿಂತ ಮೊದಲು ಚಿತ್ರ ಬಂತು, ಚಿತ್ರಕ್ಕಿಂತ ಮೊದಲು ಚುನಾವಣೆ ಬಂತು.

ಒಪೆರಾ ಅಂದರೆ ಮಾತಿನ ಬದಲು ಹಾಡಿನಲ್ಲೇ ಕಥೆ ಸಾಗುವ ಯುರೋಪಿನ ನಾಟಕ. ವೇದಿಕೆಯ ಮುಂದೆ ಒಂದು ಹಳ್ಳ, ಅದರಲ್ಲಿ ವಾದ್ಯದವರ ದೊಡ್ಡ ತಂಡ. ಸಂಪ್ರದಾಯದಂತೆ ಹಾಡುವವರಿಗೆ ಮೈಕ್ ಇಲ್ಲ. ಕೊನೆಯ ಸಾಲಿನವರಿಗೂ ದನಿ ತಲುಪಿಸುವ ಹೊಣೆ ಗಾಯಕರದ್ದು ಎಷ್ಟೋ ಕಟ್ಟಡದ್ದೂ ಅಷ್ಟೇ. ಗೋಡೆ, ಚಾವಣಿ, ವೇದಿಕೆ ಎಲ್ಲವೂ ಇಲ್ಲಿ ವಾದ್ಯದಷ್ಟೇ ಮುಖ್ಯ ಆಗುವುದು ಅದಕ್ಕೇ.

ಈಗ ಜಾಗಕ್ಕೆ ಬರೋಣ. ಸಿಡ್ನಿ ಬಂದರಿನ ನೀರಿನೊಳಕ್ಕೆ ಚಾಚಿಕೊಂಡ ಒಂದು ಮೂಲೆ ಅದು. ಗಡಿಗಲ್ ಮೂಲನಿವಾಸಿಗಳಿಗೆ ಅದು ಟುಬೋಗುಲೆ. ಅವರು ತಿಂದು ಬಿಟ್ಟ ಚಿಪ್ಪುಗಳ ರಾಶಿ ಅಲ್ಲಿತ್ತು. ಬ್ರಿಟಿಷರು ಬಂದ ಹೊಸತರಲ್ಲಿ ಆ ಚಿಪ್ಪು ಸುಟ್ಟು ಸುಣ್ಣ ಮಾಡಿ ಮನೆ ಕಟ್ಟಿದರು. ಬೆನೆಲಾಂಗ್ ಎಂಬ ಮೂಲನಿವಾಸಿಗೆ ಗವರ್ನರ್ ಫಿಲಿಪ್ 1790ರಲ್ಲಿ ಅಲ್ಲೊಂದು ಇಟ್ಟಿಗೆ ಗುಡಿಸಲು ಕಟ್ಟಿಸಿಕೊಟ್ಟ. ಬೆನೆಲಾಂಗ್ ಪಾಯಿಂಟ್ ಎಂಬ ಹೆಸರು ಉಳಿದದ್ದು ಹಾಗೆ. ಆಮೇಲೆ ಒಂದು ಕೋಟೆ ಬಂತು. 1902ರಲ್ಲಿ ಕೋಟೆ ಹೋಗಿ ಟ್ರಾಮ್ ಡಿಪೋ ಬಂತು. ಊರಿನ ಅತಿ ಚಂದದ ಜಾಗದಲ್ಲಿ ಅರ್ಧ ಶತಮಾನ ಟ್ರಾಮ್ ನಿಲ್ಲಿಸುತ್ತಿದ್ದರು!

ಅಲ್ಲೇ ಸಂಗೀತದ ಮನೆ ಕಟ್ಟಬೇಕು ಎಂದು ಹಠ ಹಿಡಿದವರು ಯುಜೀನ್ ಗೂಸೆನ್ಸ್. ಇಂಗ್ಲೆಂಡಿನವರು. 1947ರಲ್ಲಿ ಸಿಡ್ನಿಯ ವಾದ್ಯವೃಂದವನ್ನು ನಡೆಸಲು ಬಂದರು. ಆಗ ದೊಡ್ಡ ಸಂಗೀತ ಕಛೇರಿಗಳೆಲ್ಲ ಟೌನ್ ಹಾಲಿನಲ್ಲಿ ನಡೆಯುತ್ತಿದ್ದವು, ಒಪೆರಾಕ್ಕೆ ಸರಿಯಾದ ಜಾಗವೇ ಇರಲಿಲ್ಲ. ಗೂಸೆನ್ಸ್ ವರ್ಷಗಟ್ಟಲೆ ಬೆನ್ನು ಹತ್ತಿ, ನ್ಯೂ ಸೌತ್ ವೇಲ್ಸ್ ರಾಜ್ಯದ ಲೇಬರ್ ಪಕ್ಷದ ಮುಖ್ಯಸ್ಥ, ಪ್ರೀಮಿಯರ್ (ಅಲ್ಲಿನ ಮುಖ್ಯಮಂತ್ರಿ) ಜೋಸೆಫ್ ಕಾಹಿಲ್ ಅವರನ್ನು ಒಪ್ಪಿಸಿದರು. ಕಾಹಿಲ್ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ಮೇಲೆ ಬಂದವರು. ಒಪೆರಾ ಇರುವುದು ಕೋಟು ಹಾಕಿದವರಿಗೆ ಮಾತ್ರ ಎಂದು ಅವರ ಪಕ್ಷದವರೇ ಗೊಣಗುತ್ತಿದ್ದಾಗ ಅವರು ಹಿಂದೆ ಸರಿಯಲಿಲ್ಲ. ಗೂಸೆನ್ಸ್‌ಗೆ ಮಾತ್ರ ಇದರ ಫಲ ಸಿಗಲಿಲ್ಲ. 1956ರ ಮಾರ್ಚ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ಅವರ ಪೆಟ್ಟಿಗೆ ತೆಗೆಸಿದಾಗ ಆ ಕಾಲದ ಕಾನೂನು ಅಶ್ಲೀಲ ಎನ್ನುತ್ತಿದ್ದ ವಸ್ತುಗಳು ಸಿಕ್ಕವು. ದಂಡ ಕಟ್ಟಿ, ಮಾನ ಕಳೆದುಕೊಂಡು ಅವರು ದೇಶ ಬಿಟ್ಟರು.

ನಕ್ಷೆಗಾಗಿ ಅಂತರರಾಷ್ಟ್ರೀಯ ಸ್ಪರ್ಧೆ ಇಟ್ಟಿದ್ದರು. 233 ನಕ್ಷೆಗಳು ಬಂದವು. 1957ರ ಜನವರಿ 29ರಂದು ಫಲಿತಾಂಶ ಬಂತು. ಗೆದ್ದವರು 38 ವರ್ಷದ ಡೆನ್ಮಾರ್ಕಿನ ಯೋರ್ನ್ ಉಟ್ಸನ್. ಆವರೆಗೆ ಇಷ್ಟು ದೊಡ್ಡದೇನನ್ನೂ ಕಟ್ಟಿದವರಲ್ಲ. ಸಿಡ್ನಿಯನ್ನು ಕಣ್ಣಾರೆ ಕಂಡವರೂ ಅಲ್ಲ. ಹಡಗಿನವರು ಬಳಸುವ ಬಂದರಿನ ನಕ್ಷೆ ಹಿಡಿದುಕೊಂಡು ಜಾಗವನ್ನು ಲೆಕ್ಕ ಹಾಕಿದ್ದರು. ಅವರ ಅಪ್ಪ ಹಡಗು ವಿನ್ಯಾಸಗಾರ. ಬಾಗಿದ ಮೈಯ ದೊಡ್ಡ ವಸ್ತುಗಳು ಕಣ್ಣೆದುರೇ ಸಿದ್ಧವಾಗುವುದನ್ನು ನೋಡುತ್ತಾ ಬೆಳೆದವರು ಉಟ್ಸನ್.

ತೀರ್ಪುಗಾರರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಈರೋ ಸಾರಿನೆನ್ ಇದ್ದರು. ಅವರು ತಡವಾಗಿ ಬಂದು, ಬೇಡವೆಂದು ಪಕ್ಕಕ್ಕಿಟ್ಟಿದ್ದ ಕಟ್ಟಿನಿಂದ ಉಟ್ಸನ್ ನಕ್ಷೆಯನ್ನು ಎತ್ತಿ ತೆಗೆದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಇತಿಹಾಸ ಬರೆದವರು ಎಲ್ಲರೂ ಒಪ್ಪುವುದಿಲ್ಲ. ತೀರ್ಪುಗಾರರ ವರದಿಯಲ್ಲಿ ಇದ್ದದ್ದು ಇನ್ನೂ ಕುತೂಹಲದ್ದು. ಈ ನಕ್ಷೆ ತೀರಾ ಸರಳ, ರೇಖಾಚಿತ್ರದಷ್ಟೇ ಇದೆ, ಆದರೂ ಜಗತ್ತಿನ ದೊಡ್ಡ ಕಟ್ಟಡಗಳಲ್ಲೊಂದು ಆಗುವ ಶಕ್ತಿ ಇದಕ್ಕಿದೆ ಎಂದು ಅವರು ಬರೆದರು. ಎರಡೂ ಮಾತು ಅಕ್ಷರಶಃ ನಿಜವಾದವು.

ಉಟ್ಸನ್ ಯೋಚನೆಯಲ್ಲಿ ಎರಡೇ ವಸ್ತು. ಕೆಳಗೆ ಭಾರವಾದ ಜಗಲಿ, ಮೇಲೆ ಹಗುರವಾದ ಚಾವಣಿ. ಜಗಲಿಯ ಯೋಚನೆ ಅವರಿಗೆ ಬಂದದ್ದು ಮೆಕ್ಸಿಕೋದಿಂದ. 1949ರಲ್ಲಿ ಅಲ್ಲಿ ಮಾಯಾ ಜನರ ಹಳೆಯ ಕಟ್ಟೆಗಳನ್ನು ನೋಡಿದ್ದರು. ಕಾಡಿನಲ್ಲಿ ನಡೆದು ಬಂದವನು ಅಗಲ ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ನಿಂತರೆ ಮರಗಳ ತುದಿ ಕಾಲಿನ ಮಟ್ಟಕ್ಕೆ ಬರುತ್ತದೆ, ಆಕಾಶ ತೆರೆದುಕೊಳ್ಳುತ್ತದೆ. ಸಿಡ್ನಿಯಲ್ಲೂ ಅದೇ ಮಾಡಿದರು. ಅಡುಗೆಮನೆ, ತಾಲೀಮು ಕೋಣೆ, ಬಣ್ಣ ಹಚ್ಚಿಕೊಳ್ಳುವ ಕೋಣೆ, ಲಾರಿ ಬರುವ ದಾರಿ ಎಲ್ಲವನ್ನೂ ಜಗಲಿಯ ಹೊಟ್ಟೆಯೊಳಗೆ ಹಾಕಿದರು. ಪ್ರೇಕ್ಷಕರು ಮೆಟ್ಟಿಲು ಹತ್ತಿದರೆ ಮೇಲೆ ಬರೀ ಸಂಗೀತ, ನೀರು, ಆಕಾಶ.

ಇನ್ನೊಂದು ವಿಷಯ ಗಮನಿಸಬೇಕು. ಹೆಚ್ಚಿನ ಸ್ಪರ್ಧಿಗಳು ಎರಡು ಸಭಾಂಗಣಗಳನ್ನು ಒಂದರ ಹಿಂದೆ ಒಂದು ಇಟ್ಟಿದ್ದರು. ಉಟ್ಸನ್ ಅಕ್ಕಪಕ್ಕ ಇಟ್ಟರು. ಎಲ್ಲ ಕಡೆಯಿಂದ ಚಂದ ಕಾಣಿಸಿದ್ದು ಇದರಿಂದಲೇ. ಆದರೆ ಜಾಗ ಕಿರಿದು. ಪಕ್ಕದಲ್ಲಿ ಇನ್ನೊಂದು ಸಭಾಂಗಣ ಬಂದು ಕೂತರೆ ವೇದಿಕೆಯ ಎಡಬಲಕ್ಕೆ ಜಾಗವೇ ಉಳಿಯುವುದಿಲ್ಲ. ಸಾಮಾನ್ಯವಾಗಿ ಒಪೆರಾದಲ್ಲಿ ಒಂದು ದೃಶ್ಯದ ಸೆಟ್ ಅನ್ನು ಪಕ್ಕಕ್ಕೆ ತಳ್ಳಿ ಇನ್ನೊಂದನ್ನು ಎಳೆದು ತರುತ್ತಾರೆ. ಇಲ್ಲಿ ಹಾಗೆ ಮಾಡಲು ಆಗದ್ದರಿಂದ ಸೆಟ್‌ಗಳನ್ನು ಲಿಫ್ಟ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಎತ್ತುವ ಯೋಜನೆ ಹಾಕಿದರು. ನೆನಪಿಟ್ಟುಕೊಳ್ಳಿ, ಈ ಲಿಫ್ಟ್‌ಗಳಿಗೆ ಮುಂದೆ ದುರ್ಗತಿ ಕಾದಿದೆ.

ದುಡ್ಡಿನ ವಿಷಯ. ಮೊದಲ ಅಂದಾಜು 35 ಲಕ್ಷ ಪೌಂಡ್. 1966ರಲ್ಲಿ ಆಸ್ಟ್ರೇಲಿಯಾ ಡಾಲರಿಗೆ ಬದಲಾಯಿತು, ಆ ಲೆಕ್ಕದಲ್ಲಿ 70 ಲಕ್ಷ ಡಾಲರ್. ತೆರಿಗೆ ಹಣ ಮುಟ್ಟಬಾರದು ಎಂದು ಕಾಹಿಲ್ ಸರ್ಕಾರ ಲಾಟರಿ ಶುರು ಮಾಡಿತು. ಒಪೆರಾ ಹೌಸ್ ಲಾಟರಿ! ಮೊದಲ ಬಹುಮಾನ 1 ಲಕ್ಷ ಪೌಂಡ್. ಜನ ಮುಗಿಬಿದ್ದು ಟಿಕೆಟ್ ಕೊಂಡರು. ಒಪೆರಾ ಅಂದರೇನು ಅಂತ ಗೊತ್ತಿಲ್ಲದವರ ದುಡ್ಡಿನಲ್ಲೇ ಈ ಕಟ್ಟಡದ ಬಹುಪಾಲು ಎದ್ದಿತು. ಇದಕ್ಕೊಂದು ಕರಾಳ ಮುಖವೂ ಇದೆ. ಗೆದ್ದವರ ಹೆಸರು, ವಿಳಾಸ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ ಅದು. 1960ರಲ್ಲಿ ಬಹುಮಾನ ಗೆದ್ದ ಕುಟುಂಬವೊಂದರ 8 ವರ್ಷದ ಮಗನನ್ನು ಹಣಕ್ಕಾಗಿ ಅಪಹರಿಸಿ ಕೊಂದರು. ದೇಶ ನಡುಗಿತು. ಗೆದ್ದವರು ಹೆಸರು ಗುಟ್ಟಾಗಿಡುವ ಅವಕಾಶ ಆಸ್ಟ್ರೇಲಿಯಾದಲ್ಲಿ ಬಂದದ್ದು ಆ ಮೇಲೆ.

ಕಾಹಿಲ್‌ಗೆ ಒಂದು ಭಯ ಇತ್ತು. 1959ರ ಮಾರ್ಚ್‌ನಲ್ಲಿ ಚುನಾವಣೆ. ಸೋತರೆ ಮುಂದೆ ಬಂದವರು ಯೋಜನೆಯನ್ನೇ ಕೈಬಿಡಬಹುದು. ಆರೋಗ್ಯವೂ ಕೈ ಕೊಡುತ್ತಿತ್ತು. ಹಾಗಾಗಿ ನಕ್ಷೆ ಮುಗಿಯುವ ಮೊದಲೇ, ಚಾವಣಿ ಹೇಗೆ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲದಾಗಲೇ, ಮಾರ್ಚ್ 2ಕ್ಕೆ ಕೆಲಸ ಶುರು ಮಾಡಿಸಿದರು. ಚುನಾವಣೆ ಗೆದ್ದರು, ಅದೇ ಅಕ್ಟೋಬರಿನಲ್ಲಿ ತೀರಿಕೊಂಡರು. ಈ ಆತುರವನ್ನು ಎಲ್ಲರೂ ಬೈಯುತ್ತಾರೆ. ನನಗೇನೋ ಅವರ ಲೆಕ್ಕ ಸರಿ ಅನ್ನಿಸುತ್ತದೆ. ಎಲ್ಲ ಲೆಕ್ಕ ಮುಗಿಯಲಿ ಎಂದು ಕಾದಿದ್ದರೆ ಈ ಕಟ್ಟಡ ಕಾಗದ ಬಿಟ್ಟು ಆಚೆ ಬರುತ್ತಿರಲಿಲ್ಲ. ಆದರೆ ಬೆಲೆ ತೆರಬೇಕಾಯಿತು ಅನ್ನೋದೂ ನಿಜ. ಚಾವಣಿಯ ತೂಕ ಗೊತ್ತಿಲ್ಲದೆ ಎಬ್ಬಿಸಿದ ಕಂಬಗಳು ಆಮೇಲೆ ಸಾಲದೆ ಹೋದವು. ಒಡೆದು, ಗಟ್ಟಿ ಮಾಡಿ ಮತ್ತೆ ಕಟ್ಟಬೇಕಾಯಿತು.

ಈಗ ಚಾವಣಿ. ಇಡೀ ಕಥೆಯಲ್ಲಿ ನಿಂತು ನೋಡಬೇಕಾದ್ದು ಇದೇ.

ಸ್ಪರ್ಧೆಗೆ ಉಟ್ಸನ್ ಬರೆದದ್ದು ಕೈಬರಹದ ಬಾಗು ರೇಖೆಗಳು. ಯಾವ ಗಣಿತಕ್ಕೂ ಸೇರದವು. ತೆಳುವಾದ ಕಾಂಕ್ರೀಟ್ ಹೊದಿಕೆಯಾಗಿ ನಿಲ್ಲಿಸಬಹುದು ಎಂಬ ನಂಬಿಕೆ ಇತ್ತು. ಆ ಕಾಲದಲ್ಲಿ ಅಂಥ ತೆಳು ಚಾವಣಿಗಳು ಬೇರೆ ಕಡೆ ನಿಂತಿದ್ದವು. ಆದರೆ ಅವು ನಿಲ್ಲುವುದಕ್ಕೆ ಒಂದು ಷರತ್ತು ಇದೆ. ಭಾರ ಹೊದಿಕೆಯ ಮೈಗುಂಟ ಒತ್ತುತ್ತಾ ನೆಲಕ್ಕೆ ಇಳಿಯಬೇಕು. ಹೊದಿಕೆಯನ್ನು ಅಡ್ಡಕ್ಕೆ ಬಗ್ಗಿಸಬಾರದು. ಆಕಾರ ಆ ಒತ್ತಡದ ದಾರಿಗೆ ಹೊಂದಿಕೊಂಡಿದ್ದರೆ ಅಂಗೈ ದಪ್ಪದ ಕಾಂಕ್ರೀಟೂ ಸಾಕು. ಉಟ್ಸನ್ ಬರೆದ ಆಕಾರ ನೆಟ್ಟಗೆ ಮೇಲೆದ್ದು ಮುಂದಕ್ಕೆ ಬಾಗಿದೆ. ಬುಡ ಚೂಪು, ತಲೆ ಅಗಲ. ಭಾರ ಬಿದ್ದರೆ ಬುಡದಲ್ಲಿ ಬಗ್ಗುತ್ತದೆ, ಜೊತೆಗೆ ಸಮುದ್ರದ ಗಾಳಿ ಬೇರೆ. ತೆಳು ಹೊದಿಕೆಯಿಂದ ಆಗದ ಕೆಲಸ.

ಎಂಜಿನಿಯರುಗಳು ಲಂಡನ್ನಿನ ಓವ್ ಅರುಪ್ ಕಂಪನಿಯವರು. ಅರುಪ್ ಕೂಡ ಡೆನ್ಮಾರ್ಕ್ ಮೂಲದವರೇ. ಅವರ ತಂಡ, ಉಟ್ಸನ್ ತಂಡ ಸೇರಿ ವರ್ಷಗಟ್ಟಲೆ ಗುದ್ದಾಡಿದವು. ಪ್ಯಾರಾಬೋಲಾ ನೋಡಿದರು, ದೀರ್ಘವೃತ್ತದ ಮೈ ನೋಡಿದರು. ಹತ್ತಾರು ಆಕಾರ ಬದಲಾದವು. ಲೆಕ್ಕ ಎಷ್ಟು ದೊಡ್ಡದಾಯಿತೆಂದರೆ ಪೆಗಾಸಸ್ ಎಂಬ ಕಂಪ್ಯೂಟರಿಗೆ ಕೊಡಬೇಕಾಯಿತು. ಕಟ್ಟಡದ ಬಲಾಬಲ ನೋಡಲು ಕಂಪ್ಯೂಟರ್ ಬಳಸಿದ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಸರಿ, ಹೇಗಾದರೂ ನಿಲ್ಲಿಸಬಹುದು ಎಂದಾಯಿತು. ಕಟ್ಟುವುದು ಹೇಗೆ? ಕಾಂಕ್ರೀಟಿಗೆ ಅಚ್ಚು ಬೇಕು, ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಸೆಂಟ್ರಿಂಗ್. ಆಕಾರದ ಬಾಗು ಜಾಗದಿಂದ ಜಾಗಕ್ಕೆ ಬದಲಾಗುತ್ತಿದ್ದರೆ ಪ್ರತಿ ತುಂಡಿಗೂ ಬೇರೆ ಅಚ್ಚು. ಒಂದು ಸಲ ಬಳಸಿ ಎಸೆಯಬೇಕು. ಸಾವಿರಾರು ಅಚ್ಚು, ಸಾವಿರಾರು ಅಳತೆ. ಯಾವ ಲಾಟರಿಯೂ ಸಾಲದು.

1961ರಲ್ಲಿ ಉತ್ತರ ಸಿಕ್ಕಿತು. ಚಾವಣಿಯ ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿದರೆ?

ಇದನ್ನು ಅರ್ಥ ಮಾಡಿಕೊಳ್ಳಲು ಒಂದು ದುಂಡನೆಯ ಕಲ್ಲಂಗಡಿ ಸಾಕು. ತೊಟ್ಟಿನ ಹತ್ತಿರ ಚಾಕು ಇಟ್ಟು ಸಿಪ್ಪೆಯಿಂದ ಒಂದು ಉದ್ದ ತ್ರಿಕೋನ ಕತ್ತರಿಸಿ. ತುದಿ ಚೂಪು, ಮೇಲೆ ಅಗಲ. ಅದೇ ಅಳತೆಗೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಇನ್ನೊಂದು ಕತ್ತರಿಸಿ. ಚೂಪು ತುದಿಗಳನ್ನು ಕೆಳಗಿಟ್ಟು ಎರಡನ್ನೂ ಒಂದಕ್ಕೊಂದು ಆನಿಸಿ ನಿಲ್ಲಿಸಿದರೆ ಒಪೆರಾ ಹೌಸಿನ ಒಂದು ಚಿಪ್ಪು ಸಿದ್ಧ. ಚಿಕ್ಕ ಚಿಪ್ಪು ಬೇಕೆಂದರೆ ಚಿಕ್ಕ ತುಂಡು, ದೊಡ್ಡದು ಬೇಕೆಂದರೆ ದೊಡ್ಡ ತುಂಡು. ಹಣ್ಣು ಮಾತ್ರ ಒಂದೇ. ಸಿಡ್ನಿಯ ಆ ಹಣ್ಣಿನ ತ್ರಿಜ್ಯ 75 ಮೀಟರ್.

ಇದರಿಂದ ಏನು ಲಾಭ? ಗೋಳದ ಮೈಯಲ್ಲಿ ಎಲ್ಲಿ ನೋಡಿದರೂ ಬಾಗು ಒಂದೇ. ಇನ್ನಾವ ಮುಚ್ಚಿದ ಆಕಾರಕ್ಕೂ ಈ ಗುಣ ಇಲ್ಲ. ಚೂಪು ತುದಿಯಿಂದ ಮೇಲಕ್ಕೆ ಬೀಸಣಿಗೆ ಹರಡಿದ ಹಾಗೆ ಕಾಂಕ್ರೀಟಿನ ಪಕ್ಕೆಲುಬುಗಳನ್ನು ಎಬ್ಬಿಸಿದರೆ ಅವೆಲ್ಲದರ ಬಾಗೂ ಒಂದೇ ಆಗುತ್ತದೆ. ಬದಲಾಗುವುದು ಉದ್ದ ಮಾತ್ರ. ಹಾಗಾಗಿ ಪ್ರತಿ ಪಕ್ಕೆಲುಬಿನ ಬುಡದಿಂದ ಮೊದಲ ತುಂಡು ಎಲ್ಲ ಕಡೆ ಒಂದೇ ಅಳತೆ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಉದ್ದ ಪಕ್ಕೆಲುಬಿಗೆ ತುಂಡುಗಳು ಜಾಸ್ತಿ, ಗಿಡ್ಡದಕ್ಕೆ ಕಡಿಮೆ, ಅಷ್ಟೇ. ಕೆಲವೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಎರಕ ಹೊಯ್ಯಬಹುದು. ಕೈಯಿಂದ ಬರೆದ ಚಿತ್ರ ಕಾರ್ಖಾನೆಯ ಮಾಲಾಯಿತು.

ಈ ಯೋಚನೆ ಮೊದಲು ಹೊಳೆದದ್ದು ಯಾರಿಗೆ ಎಂದು ಉಟ್ಸನ್ ಕಡೆಯವರಿಗೂ ಅರುಪ್ ಕಡೆಯವರಿಗೂ ಆಮೇಲೆ ಜಗಳವೇ ಆಯಿತು. ಉಟ್ಸನ್ ಎನ್ನುವವರೇ ಹೆಚ್ಚು. ಇಷ್ಟಂತೂ ನಿಜ, ಎಂಜಿನಿಯರುಗಳು ವರ್ಷಗಟ್ಟಲೆ ಆಗದ್ದನ್ನೆಲ್ಲ ಲೆಕ್ಕ ಹಾಕಿ ತೋರಿಸಿರದಿದ್ದರೆ ಆಗುವುದು ಯಾವುದು ಎಂದು ಯಾರಿಗೂ ಕಾಣುತ್ತಿರಲಿಲ್ಲ.

ಆಕಾರವೂ ಬದಲಾಯಿತು. ಸ್ಪರ್ಧೆಯ ಚಿತ್ರದಲ್ಲಿ ಚಿಪ್ಪುಗಳು ಮಲಗಿದ ಹಾಗಿದ್ದವು. ಈಗ ಎದ್ದು ನಿಂತವು. ಈಗ ನಾವು ಹೊಗಳುವುದು ಮೊದಲ ಸ್ಕೆಚ್ಚನ್ನಲ್ಲ, ನಾಲ್ಕು ವರ್ಷದ ತಲೆನೋವಿನ ಕೊನೆಗೆ ಬಂದ ರೂಪವನ್ನು.

ಕಟ್ಟುವ ಕೆಲಸ 1963ರಲ್ಲಿ ಹಾರ್ನಿಬ್ರೂಕ್ ಕಂಪನಿಗೆ ಬಂತು. ಜಾಗದಲ್ಲೇ ಎರಕದ ಅಂಗಳ ಮಾಡಿದರು. ಒಟ್ಟು 2,194 ತುಂಡುಗಳು, ಒಂದೊಂದು 15 ಟನ್‌ವರೆಗೂ ತೂಕ. ಫ್ರಾನ್ಸ್‌ನಿಂದ ತರಿಸಿದ ಮೂರು ದೊಡ್ಡ ಕ್ರೇನುಗಳು ಅವನ್ನು ಎತ್ತಿ ಒಂದರ ಮೇಲೊಂದು ಇಡುತ್ತಿದ್ದವು. ತುಂಡುಗಳ ನಡುವೆ ಎಪಾಕ್ಸಿ ಅಂಟು. ತುಂಡುಗಳ ಒಳಗಿನಿಂದ ಉಕ್ಕಿನ ಕೇಬಲ್ ಹಾಯಿಸಿ ಬಿಗಿಯಾಗಿ ಎಳೆದರೆ ಇಡೀ ಪಕ್ಕೆಲುಬು ಒಂದೇ ಮೈಯಾಗುತ್ತದೆ. ಅಲ್ಲಿಯವರೆಗೆ ಅದನ್ನು ಹೊತ್ತು ನಿಲ್ಲಲು ಉದ್ದ ಗಿಡ್ಡ ಮಾಡಬಹುದಾದ ಉಕ್ಕಿನ ಕಮಾನು ಒಂದನ್ನು ತಯಾರಿಸಿದ್ದರು. ಒಂದು ಪಕ್ಕೆಲುಬು ಮುಗಿದ ಕೂಡಲೇ ಕಮಾನು ಪಕ್ಕಕ್ಕೆ ಸರಿಯುತ್ತಿತ್ತು. ನೆಲದಿಂದ ಚಾವಣಿವರೆಗೆ ಕಾಡಿನಂತೆ ಸೆಂಟ್ರಿಂಗ್ ನಿಲ್ಲಿಸುವುದು ತಪ್ಪಿತು. ಚಾವಣಿಯ ಕೇಬಲ್‌ಗಳ ಒಟ್ಟು ಉದ್ದ 350 ಕಿಲೋಮೀಟರ್. ಅತಿ ಎತ್ತರದ ಚಿಪ್ಪಿನ ತುದಿ ಸಮುದ್ರ ಮಟ್ಟದಿಂದ 67 ಮೀಟರ್ ಮೇಲಿದೆ.

ಹೆಂಚಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ದೂರದಿಂದ ಬಿಳಿ ಕಾಣುವ ಚಾವಣಿ ಹತ್ತಿರ ಹೋದರೆ ಬಿಳಿಯಲ್ಲ. 12 ಸೆಂಟಿಮೀಟರ್ ಚೌಕದ ಸಿರಾಮಿಕ್ ಬಿಲ್ಲೆಗಳು. ಎರಡು ಬಗೆ. ನಡುವೆ ಹೊಳಪಿನ ಬಿಳಿ, ಅಂಚಿನಲ್ಲಿ ಹೊಳಪಿಲ್ಲದ ಕೆನೆ ಬಣ್ಣ. ಬರೀ ಹೊಳಪಿನದ್ದೇ ಆಗಿದ್ದರೆ ಸಿಡ್ನಿಯ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಬರೀ ಮಂಕಿನದ್ದಾದರೆ ಸತ್ತಂತೆ ಕಾಣುತ್ತಿತ್ತು. ಉಟ್ಸನ್‌ಗೆ ಬೇಕಾದ ಗುಣ ಬರಲು ಸ್ವೀಡನ್ನಿನ ಹೋಗನೆಸ್ ಕಾರ್ಖಾನೆಗೆ ಮೂರು ವರ್ಷ ಹಿಡಿಯಿತು. ಬಿಲ್ಲೆಗಳನ್ನು ಚಾವಣಿ ಮೇಲೆ ಕೂತು ಒಂದೊಂದಾಗಿ ಅಂಟಿಸಲಿಲ್ಲ. ಕೆಳಗೆ, ಬಾಣದ ತಲೆಯಂಥ ಅಚ್ಚಿನಲ್ಲಿ ಮುಖ ಕೆಳಗೆ ಮಾಡಿ ಜೋಡಿಸಿ, ಹಿಂದೆ ಕಾಂಕ್ರೀಟ್ ಸುರಿದು ಹಲಗೆ ಮಾಡಿದರು. ಗೋಳ ಒಂದೇ ಆದ್ದರಿಂದ ಹಲಗೆಗಳ ಬಾಗೂ ಒಂದೇ. ಅಂಥ 4,253 ಹಲಗೆಗಳನ್ನು ಮೇಲಕ್ಕೆತ್ತಿ ಪಕ್ಕೆಲುಬುಗಳಿಗೆ ಬೋಲ್ಟ್ ಹಾಕಿ ಕೂರಿಸಿದರು. ಒಟ್ಟು ಬಿಲ್ಲೆ 10,56,006. ಕೆನೆ ಬಣ್ಣದ ಅಂಚುಗಳು ಸೇರಿ ಚಾವಣಿ ಮೇಲೆ ಗೆರೆಗಳಾಗಿ ಕಾಣುತ್ತವೆ. ಆ ಗೆರೆಗಳನ್ನು ಕಣ್ಣಿನಲ್ಲೇ ಹಿಂಬಾಲಿಸಿದರೆ ಕೆಳಗಿನ ಪಕ್ಕೆಲುಬುಗಳು ಹೇಗೆ ಹರಡಿವೆ ಎಂದು ಹೊರಗಿನಿಂದಲೇ ತಿಳಿಯುತ್ತದೆ.

ಚಾವಣಿ ಹೀಗೆ ಮೇಲೇರುತ್ತಿದ್ದಾಗ ಕೆಳಗೆ ರಾಜಕೀಯ ಬದಲಾಯಿತು. 1965ರ ಮೇ ತಿಂಗಳಲ್ಲಿ ಲಿಬರಲ್ ಪಕ್ಷದ ರಾಬರ್ಟ್ ಆಸ್ಕಿನ್ ಸರ್ಕಾರ ಬಂತು. ಲೋಕೋಪಯೋಗಿ ಖಾತೆ ಡೇವಿಸ್ ಹ್ಯೂಸ್ ಕೈಗೆ ಹೋಯಿತು. ಖರ್ಚು ಏರುತ್ತಲೇ ಇತ್ತು, ಮುಗಿಯುವ ದಿನ ಮುಂದಕ್ಕೆ ಹೋಗುತ್ತಲೇ ಇತ್ತು. ಉಟ್ಸನ್ ಒಳಾಂಗಣಕ್ಕೆ ಪ್ಲೈವುಡ್ಡಿನ ದೊಡ್ಡ ಮಾದರಿಗಳನ್ನು ಮಾಡಿ ನೋಡಬೇಕು ಎಂದರು. ಮೊದಲು ಪೂರ್ತಿ ನಕ್ಷೆ ಕೊಡಿ, ಆಮೇಲೆ ದುಡ್ಡು ಎಂದರು ಸಚಿವರು. ಮಾದರಿ ಮಾಡದೆ ನಕ್ಷೆ ಬರೆಯುವುದು ಹೇಗೆ ಎಂದರು ಇವರು. ಬಿಲ್‌ಗಳ ಪಾವತಿ ನಿಂತಿತು. 1966ರ ಫೆಬ್ರವರಿ 28ರಂದು ಉಟ್ಸನ್ ಹೊರನಡೆದರು. ಅವರನ್ನು ಮರಳಿ ಕರೆಯಿರಿ ಎಂದು ಸಾವಿರದಷ್ಟು ಜನ ವಿಧಾನಸಭೆಗೆ ಮೆರವಣಿಗೆ ಹೋದರು. ಪ್ರಯೋಜನ ಆಗಲಿಲ್ಲ. ಏಪ್ರಿಲ್ ಕೊನೆಗೆ ಹೆಂಡತಿ ಮಕ್ಕಳೊಂದಿಗೆ ದೇಶ ಬಿಟ್ಟವರು ಮತ್ತೆ ಬರಲಿಲ್ಲ. ಮುಗಿದ ಕಟ್ಟಡವನ್ನು ಅದರ ಶಿಲ್ಪಿ ಕಣ್ಣಾರೆ ನೋಡಲೇ ಇಲ್ಲ.

ಉಟ್ಸನ್ ಪ್ರತಿಭೆ, ಹ್ಯೂಸ್ ಖಳನಾಯಕ ಎಂದು ಹೇಳಿ ಮುಗಿಸುವುದು ಸುಲಭ. ಪೂರ್ತಿ ನಿಜ ಅಲ್ಲ. ಉಟ್ಸನ್ ನಿಜಕ್ಕೂ ನಕ್ಷೆ ಕೊಡಲು ತಡ ಮಾಡುತ್ತಿದ್ದರು, ಎಂಜಿನಿಯರುಗಳ ಜೊತೆಗೂ ಸಂಬಂಧ ಹಳಸಿತ್ತು. ಆದರೆ ಇಂಥ ಕೆಲಸದ ನಡುವೆ ದುಡ್ಡು ನಿಲ್ಲಿಸಿದರೆ ಉಳಿತಾಯ ಆಗುವುದಿಲ್ಲ ಎಂಬುದಕ್ಕೆ ಮುಂದಿನ ಏಳು ವರ್ಷದ ಬಿಲ್ಲೇ ಸಾಕ್ಷಿ. ಖರ್ಚಿನ ದೊಡ್ಡ ಪಾಲು ಉಟ್ಸನ್ ಹೋದ ಮೇಲೆ ಆದದ್ದು.

ಆ ಕುರ್ಚಿಗೆ ಬಂದವರು ಪೀಟರ್ ಹಾಲ್. ವಯಸ್ಸು 34. ಜೊತೆಗೆ ಲಯನೆಲ್ ಟಾಡ್, ಡೇವಿಡ್ ಲಿಟಲ್‌ಮೋರ್. ಉಟ್ಸನ್ ಇರಲಿ ಎಂಬ ಮನವಿಗೆ ಸ್ವತಃ ಸಹಿ ಹಾಕಿದ್ದ ಪೀಟರ್ ಹಾಲ್‌ಗೆ ಸಿಕ್ಕಿದ್ದು ಮೂರು ಚಾವಣಿ ಗುಂಪುಗಳು ಮತ್ತು ಅವುಗಳ ಒಳಗಿನ ಖಾಲಿ ಜಾಗ. ಸಹೋದ್ಯೋಗಿಗಳು ಮುಖ ತಿರುಗಿಸಿದರು. ಈಗಲೂ ಎಷ್ಟೋ ಬರಹಗಳಲ್ಲಿ ಅವರ ಹೆಸರೇ ಇರುವುದಿಲ್ಲ. ನೀವು ಒಳಗೆ ಕೂತು ನೋಡುವ ಬಹುತೇಕ ಎಲ್ಲವೂ ಅವರದ್ದು.

ಇಲ್ಲಿಂದ ಒಪೆರಾ ಸೋತ ಕಥೆ. ಮೂಲ ಯೋಜನೆಯಂತೆ ದೊಡ್ಡ ಸಭಾಂಗಣದಲ್ಲಿ ವಾದ್ಯಗೋಷ್ಠಿಯೂ ನಡೆಯಬೇಕು, ಒಪೆರಾವೂ ನಡೆಯಬೇಕು. ಕಾಗದದ ಮೇಲೆ ಚೆನ್ನಾಗಿದೆ. ಶಬ್ದದ ಲೆಕ್ಕದಲ್ಲಿ ಎರಡೂ ಬೇರೆ ಬೇರೆ ಪ್ರಾಣಿಗಳು. ವಾದ್ಯವೃಂದದ ಸಂಗೀತಕ್ಕೆ ನಾದ ಗಾಳಿಯಲ್ಲಿ ಸ್ವಲ್ಪ ಹೊತ್ತು ಉಳಿಯಬೇಕು. ವಾದ್ಯ ನಿಂತ ಮೇಲೂ ಸುಮಾರು 2 ಸೆಕೆಂಡ್ ಗುಂಯ್‌ಗುಡಬೇಕು. ಅದಕ್ಕೆ ಎತ್ತರದ ಚಾವಣಿ, ತುಂಬಾ ಗಾಳಿ ಇರುವ ದೊಡ್ಡ ಕೋಣೆ ಬೇಕು. ಒಪೆರಾದಲ್ಲಿ ಮಾತು ಕೇಳಿಸಬೇಕು. ನಾದ ಜಾಸ್ತಿ ಉಳಿದರೆ ಒಂದು ಪದದ ಮೇಲೆ ಇನ್ನೊಂದು ಬಿದ್ದು ಕಲಸುಮೇಲೋಗರ ಆಗುತ್ತದೆ. ಅದೂ ಅಲ್ಲದೆ ಒಪೆರಾ ವೇದಿಕೆಯ ಮೇಲೆ ಪರದೆ, ಸೆಟ್ ಎತ್ತಿಡಲು ಗೋಪುರದಷ್ಟು ಜಾಗ ಬೇಕು. ಅಲ್ಲಿನ ಬಟ್ಟೆ ಶಬ್ದವನ್ನು ನುಂಗುತ್ತದೆ.

ಆಸ್ಟ್ರೇಲಿಯಾದ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿ ಆಗ ವಾದ್ಯವೃಂದಗಳನ್ನು ನಡೆಸುತ್ತಿತ್ತು. ದೊಡ್ಡ ಸಭಾಂಗಣದಲ್ಲಿ ಸುಮಾರು 2,800 ಆಸನ, ಒಳ್ಳೆಯ ನಾದ, ಎರಡೂ ಬೇಕು ಎಂದು ಪಟ್ಟು ಹಿಡಿಯಿತು. ಎರಡು ಕೆಲಸಕ್ಕೂ ಆಗುವ ಸಭಾಂಗಣದಲ್ಲಿ ಅಷ್ಟು ಆಸನ ಹಿಡಿಸುವುದು ಸಾಧ್ಯವಿಲ್ಲ ಎಂದು ಪೀಟರ್ ಹಾಲ್ ಮತ್ತು ಸಲಹೆಗಾರರು ಕೈಚೆಲ್ಲಿದರು. 1967ರಲ್ಲಿ ಸರ್ಕಾರ ತೀರ್ಮಾನಿಸಿತು: ದೊಡ್ಡದು ಪೂರ್ತಿ ವಾದ್ಯಗೋಷ್ಠಿಗೆ. ಒಪೆರಾ, ಬ್ಯಾಲೆ ಎರಡೂ ಪಕ್ಕದ ಚಿಕ್ಕದಕ್ಕೆ. ಆ ಚಿಕ್ಕದು ಮುಖ್ಯವಾಗಿ ನಾಟಕಕ್ಕೆಂದು ಯೋಚಿಸಿದ್ದು! ದೊಡ್ಡದರಲ್ಲಿ ಆಗಲೇ ಕೂತಿದ್ದ ವೇದಿಕೆಯ ಯಂತ್ರಗಳು, ಆಸ್ಟ್ರಿಯಾದಿಂದ ತರಿಸಿದ ಆ ಲಿಫ್ಟುಗಳು, ಒಂದು ಪ್ರದರ್ಶನವನ್ನೂ ಕಾಣದೆ ಗುಜರಿಗೆ ಹೋದವು.

ಪರಿಣಾಮ ಈಗಲೂ ಇದೆ. ಚಿಕ್ಕ ಸಭಾಂಗಣದ ವಾದ್ಯದ ಹಳ್ಳ ಇಕ್ಕಟ್ಟು. ಒಂದಷ್ಟು ವಾದ್ಯದವರು ವೇದಿಕೆಯ ಅಡಿಗೆ ಸೇರಿಕೊಂಡು ನುಡಿಸಬೇಕು. ಜರ್ಮನಿಯ ಸಂಗೀತಕಾರ ವಾಗ್ನರ್‌ನಂಥವರ ಒಪೆರಾಗಳಿಗೆ ಬೇಕಾಗುವ ಭಾರೀ ತಂಡ ಅಲ್ಲಿ ಹಿಡಿಸುವುದೇ ಕಷ್ಟ. ಪಕ್ಕದ ಜಾಗ ಇಲ್ಲದ್ದರಿಂದ ಓಡಿ ಹೊರಹೋಗುವ ನರ್ತಕರನ್ನು ಗೋಡೆಗೆ ಹೊಡೆಯದಂತೆ ಹಿಡಿದುಕೊಳ್ಳಬೇಕಾಗುತ್ತದೆ. ಹಳ್ಳದ ಮೇಲೆ ಒಂದು ಬಲೆ ಕಟ್ಟಿರುವುದಕ್ಕೂ ಕಥೆ ಇದೆ. 1980ರ ದಶಕದಲ್ಲಿ ರಷ್ಯಾದ ಒಪೆರಾ ಒಂದರಲ್ಲಿ ಜೀವಂತ ಕೋಳಿಗಳನ್ನು ವೇದಿಕೆಗೆ ಬಿಟ್ಟಿದ್ದರು. ಒಂದು ಕೋಳಿ ನಡೆದುಕೊಂಡು ಬಂದು ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುತ್ತಿದ್ದವರ ಮೇಲೆ ಬಿತ್ತಂತೆ. ಬಲೆ ಬಂತು. ಇನ್ನು ದೊಡ್ಡ ಒಪೆರಾಗಳಿಗೆ ಒಪೆರಾ ಆಸ್ಟ್ರೇಲಿಯಾ ಕಂಪನಿ 2012ರಿಂದ ಬಂದರಿನ ನೀರಿನ ಮೇಲೇ ವೇದಿಕೆ ಕಟ್ಟತೊಡಗಿತು. ಪ್ರೇಕ್ಷಕರು ಬಯಲಲ್ಲಿ ಕೂತು ಒಪೆರಾ ನೋಡುತ್ತಾರೆ, ಹಿನ್ನೆಲೆಯಲ್ಲಿ ಒಪೆರಾ ಹೌಸ್ ಕಾಣುತ್ತಿರುತ್ತದೆ.

1973ರ ಸೆಪ್ಟೆಂಬರ್ 28ರಂದು ಮೊದಲ ಒಪೆರಾ ನಡೆಯಿತು, ರಷ್ಯಾದ ಸಂಗೀತಕಾರ ಪ್ರೊಕೊಫೀವ್‌ನ ‘ವಾರ್ ಅಂಡ್ ಪೀಸ್’. ಅಕ್ಟೋಬರ್ 20ರಂದು ರಾಣಿ ಎರಡನೇ ಎಲಿಜಬೆತ್ ಉದ್ಘಾಟನೆ ಮಾಡಿದರು. ಆ ಸಮಾರಂಭದಲ್ಲಿ ಉಟ್ಸನ್ ಹೆಸರು ಯಾರೂ ಎತ್ತಲಿಲ್ಲ. ಒಟ್ಟು ಖರ್ಚು 10.2 ಕೋಟಿ ಡಾಲರ್, ಅಂದಾಜಿನ 14 ಪಟ್ಟಿಗೂ ಜಾಸ್ತಿ. ಮುಗಿದದ್ದು 10 ವರ್ಷ ತಡವಾಗಿ. ಇದಕ್ಕೂ ಮೊದಲು ಅಲ್ಲೊಂದು ಕಛೇರಿ ನಡೆದಿತ್ತು. 1960ರ ನವೆಂಬರಿನಲ್ಲಿ ಅಮೆರಿಕದ ಕಪ್ಪು ಗಾಯಕ ಪಾಲ್ ರಾಬ್ಸನ್ ಕಟ್ಟಡದ ಕೆಲಸಗಾರರ ಎದುರು ಅಲ್ಲೇ ನಿಂತು ಹಾಡಿದರು. ಒಪೆರಾ ಹೌಸಿನ ಮೊದಲ ಗಾಯನ ಅದೇ ಎನ್ನುವವರಿದ್ದಾರೆ. ನಾನೂ ಅವರ ಕಡೆ.

ವಾದ್ಯಗೋಷ್ಠಿಯ ದೊಡ್ಡ ಸಭಾಂಗಣ ಗೆದ್ದಿತಾ ಎಂದರೆ ಅದೂ ಅರ್ಧಂಬರ್ಧ. ಒಳ ಚಾವಣಿ ಸುಮಾರು 25 ಮೀಟರ್ ಎತ್ತರ. ವಾದ್ಯದವರ ದನಿ ಮೇಲೆ ಹೋಗಿ ಅಲ್ಲೇ ಕಳೆದುಹೋಗುತ್ತಿತ್ತು. ಪಕ್ಕದಲ್ಲಿ ಕೂತವರು ನುಡಿಸುವುದೇ ತಮಗೆ ಕೇಳಿಸುವುದಿಲ್ಲ ಎಂದು ಅವರು ದೂರುತ್ತಿದ್ದರು. ವೇದಿಕೆಯ ಮೇಲೆ ನೇತುಹಾಕಿದ್ದ ಪಾರದರ್ಶಕ ಅಕ್ರಿಲಿಕ್ ಉಂಗುರಗಳಿಂದ ಹೆಚ್ಚೇನೂ ಆಗಲಿಲ್ಲ. 2020ರಲ್ಲಿ ಸಭಾಂಗಣ ಮುಚ್ಚಿ, ವೇದಿಕೆಯನ್ನು 40 ಸೆಂಟಿಮೀಟರ್ ತಗ್ಗಿಸಿ, ಉಂಗುರಗಳ ಜಾಗದಲ್ಲಿ ಹೂವಿನ ಎಸಳಿನ ಆಕಾರದ ಗುಲಾಬಿ ಬಣ್ಣದ 18 ಹಲಗೆಗಳನ್ನು ಇಳಿಬಿಟ್ಟರು. ದನಿ ಅವಕ್ಕೆ ಬಡಿದು ವಾದ್ಯದವರ ಕಿವಿಗೇ ಬೇಗ ಮರಳುತ್ತದೆ. 2022ರ ಜುಲೈನಲ್ಲಿ ಮತ್ತೆ ತೆರೆದರು. ಈಗ ದೂರುಗಳು ಕಡಿಮೆ. ಅಂತೂ ಒಳಗಿನ ಲೆಕ್ಕ ಸರಿಹೋಗಲು ಹೊರಗಿನದ್ದಕ್ಕಿಂತ ಅರ್ಧ ಶತಮಾನ ಜಾಸ್ತಿ ಹಿಡಿಯಿತು.

ಉಟ್ಸನ್ ಜೊತೆ ರಾಜಿಯಾದದ್ದು 1999ರಲ್ಲಿ. ಮುಂದಿನ ದುರಸ್ತಿಗಳಿಗೆ ದಾರಿ ತೋರಿಸಿ ಎಂದು ಕೇಳಿದಾಗ ಅವರು ಒಪ್ಪಿದರು. ತಾವು ಬರಲಿಲ್ಲ, ಮಗ ಯಾನ್ ಬಂದು ಹೋಗುತ್ತಿದ್ದರು. 2003ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. 2007ರಲ್ಲಿ, ಅವರು ಬದುಕಿದ್ದಾಗಲೇ, ಕಟ್ಟಡ ವಿಶ್ವ ಪರಂಪರೆ ಪಟ್ಟಿ ಸೇರಿತು. ಮರುವರ್ಷ ನವೆಂಬರ್ 29ರಂದು ತೀರಿಕೊಂಡರು.

ಸಿಡ್ನಿಗೆ ಹೋಗುವವರಿಗೆ ಒಂದು ಮಾತು. ಎದುರಿನ ದಡದಿಂದ ಫೋಟೋ ತೆಗೆದುಕೊಂಡು ಬಂದುಬಿಡಬೇಡಿ. ಚಿಪ್ಪುಗಳು ಜಗಲಿಗೆ ಮುಟ್ಟುವ ಜಾಗಕ್ಕೆ ಹೋಗಿ. ಅಷ್ಟೂ ಪಕ್ಕೆಲುಬುಗಳು ಒಂದೇ ಬುಡಕ್ಕೆ ಬಂದು ಸೇರುವುದು ಅಲ್ಲಿ ಕಾಣುತ್ತದೆ. ಒಳಗೆ ದೊಡ್ಡ ಸಭಾಂಗಣದ ಹೊರಗಿನ ಪಡಸಾಲೆಯಲ್ಲಿ ತಲೆ ಎತ್ತಿದರೆ ಪಕ್ಕೆಲುಬುಗಳು ಬರಿಮೈಯಲ್ಲಿವೆ. ಸುಣ್ಣ ಬಣ್ಣ ಇಲ್ಲ, ತುಂಡುಗಳ ಕೂಡು ಕೂಡ ಎಣಿಸಬಹುದು. ಮುಂದಿನ ದೊಡ್ಡ ಮೆಟ್ಟಿಲುಗಳ ಅಡಿಗೂ ಹೋಗಿ ನೋಡಿ. ಸುಮಾರು 50 ಮೀಟರ್ ಅಗಲಕ್ಕೆ ನಡುವೆ ಒಂದೂ ಕಂಬ ಇಲ್ಲದೆ, ಮಡಿಸಿದ ಕಾಂಕ್ರೀಟ್ ತೊಲೆಗಳು ಹಾದುಹೋಗಿವೆ. ಉಟ್ಸನ್ ಮನಸ್ಸಿನಲ್ಲಿದ್ದ ಒಳಾಂಗಣ ಹೇಗಿರುತ್ತಿತ್ತು ಎಂದು ನೋಡಬೇಕಿದ್ದರೆ ಅವರ ಹೆಸರಿನ ಕೋಣೆಯೊಂದಿದೆ. 2004ರಲ್ಲಿ ತೆರೆದದ್ದು, ಇಡೀ ಕಟ್ಟಡದಲ್ಲಿ ಅವರೇ ವಿನ್ಯಾಸ ಮಾಡಿದ ಮೊದಲ ಒಳಾಂಗಣ. ಗೋಡೆಯ ಮೇಲಿನ ಉದ್ದದ ನೇಯ್ಗೆ ಚಿತ್ರವೂ ಅವರದ್ದೇ. ಖಾಸಗಿ ಕಾರ್ಯಕ್ರಮ ಇದ್ದರೆ ಬಾಗಿಲು ಮುಚ್ಚಿರುತ್ತದೆ, ಮೊದಲೇ ವಿಚಾರಿಸಿಕೊಂಡು ಹೋಗಿ.